ಕ್ಯಾನ್ಸರ್ ಮತ್ತು ನ್ಯಾನೊ ಕಣಗಳು: ಭರವಸೆ ಎಷ್ಟು, ಬಾಕಿ ಎಷ್ಟು?

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ಕುಬಟೂರಿನಲ್ಲಿ ಏರ್ಪಡಿಸಿದ್ದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)





ಸಂಸ್ಥೆಯ ಕಾರ್ಯದರ್ಶಿಗಳು ನನ್ನನ್ನು ಕರೆದಾಗ "ಮಕ್ಕಳಿಗೆ ಅರ್ಥವಾಗುವಂಥ ಏನಾದರೊಂದು ಹೇಳಿ ಸಾರ್, ಬರೀ ಚೆನ್ನಾಗಿ ಓದಿ, ಚೆನ್ನಾಗಿ ಓದಿ ಅನ್ನುವುದು ಬೇಡ" ಎಂದರು. ಅವರ ಮಾತು ಸರಿಯೇ. ಚೆನ್ನಾಗಿ ಓದಿ ಎಂದು ಹೇಳಲು ನಾನು ಇಲ್ಲಿಯವರೆಗೆ ಬರಬೇಕಾಗಿಲ್ಲ, ಅದನ್ನು ನಿಮ್ಮ ಮನೆಯಲ್ಲಿ ದಿನಾ ಹೇಳುತ್ತಾರೆ. ಹಾಗಾಗಿ ನಾನು ಓದಿದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ನಾನು ಡಾಕ್ಟರಲ್ಲ, ರಸಾಯನಶಾಸ್ತ್ರದ ಮೇಷ್ಟ್ರು. ಹೆಸರಿನ ಹಿಂದೆ ಡಾಕ್ಟರ್ ಎಂದಿರುವುದು ನ್ಯಾನೊ ಕಣಗಳ ಮೇಲೆ ಪ್ರಬಂಧ ಬರೆದದ್ದಕ್ಕೆ. ಈ ವ್ಯತ್ಯಾಸವನ್ನು ಮೊದಲೇ ಏಕೆ ಹೇಳುತ್ತಿದ್ದೇನೆ ಎನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

ನ್ಯಾನೊ ಎಂದರೆ ಏನು? ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆ ಕೇಳಿದರೆ ಮಕ್ಕಳು "ಕಾರು ಸಾರ್" ಎನ್ನುತ್ತಿದ್ದರು. 2009ರಲ್ಲಿ ಮಾರುಕಟ್ಟೆಗೆ ಬಂದ ಆ ಪುಟ್ಟ ಕಾರಿನ ತಯಾರಿಕೆ 2018ರಲ್ಲಿ ನಿಂತಿತು, ಪದ ಮಾತ್ರ ಉಳಿದುಕೊಂಡಿದೆ. ಗ್ರೀಕ್ ಭಾಷೆಯಲ್ಲಿ ನ್ಯಾನೊ ಎಂದರೆ ಕುಬ್ಜ. ಅಳತೆಯ ಲೆಕ್ಕದಲ್ಲಿ, ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರ ಒಂದು ಪಾಲೇ ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರದಿಂದ ಒಂದು ಲಕ್ಷ ನ್ಯಾನೊಮೀಟರ್. ರಕ್ತದ ಕೆಂಪು ಕಣದ ಅಗಲ 7-8 ಸಾವಿರ. ನಮ್ಮ ವಂಶವಾಹಿಯ ಎಳೆ, ಅಂದರೆ ಡಿಎನ್‌ಎ, ಅದರ ಅಗಲ 2 ನ್ಯಾನೊಮೀಟರ್. ಒಂದರಿಂದ ನೂರು ನ್ಯಾನೊಮೀಟರ್ ಒಳಗಿನ ಕಣಗಳನ್ನು ಸಾಮಾನ್ಯವಾಗಿ ನ್ಯಾನೊ ಕಣಗಳು ಎನ್ನುತ್ತಾರೆ. ಔಷಧಗಳ ವಿಷಯದಲ್ಲಿ ಈ ಗೆರೆಯನ್ನು ಸ್ವಲ್ಪ ಸಡಿಲವಾಗಿಯೇ ಎಳೆಯುತ್ತಾರೆ.

ಚಿಕ್ಕದಾದರೆ ಏನು ವಿಶೇಷ? ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರವಿರುವ ಒಂದು ಘನವನ್ನು ತೆಗೆದುಕೊಳ್ಳಿ, ಸಕ್ಕರೆ ಅಚ್ಚಿನಷ್ಟು ಎನ್ನಿ. ಅದರ ಆರೂ ಮುಖಗಳ ವಿಸ್ತೀರ್ಣ ಸೇರಿ 6 ಚದರ ಸೆಂಟಿಮೀಟರ್. ಅದನ್ನೇ ಕತ್ತರಿಸಿ ಕತ್ತರಿಸಿ ಒಂದೊಂದು ನ್ಯಾನೊಮೀಟರಿನ ಘನಗಳನ್ನಾಗಿ ಮಾಡಿದರೆ, ವಸ್ತು ಅಷ್ಟೇ ಇದ್ದರೂ ಅದರ ಮೇಲ್ಮೈ 6,000 ಚದರ ಮೀಟರ್ ಆಗುತ್ತದೆ. ಅಂದರೆ ಸುಮಾರು ಒಂದೂವರೆ ಎಕರೆ! ನಮ್ಮೂರಿನ ಎಷ್ಟೋ ಮನೆಗಳ ಪೂರ್ತಿ ಅಡಿಕೆ ತೋಟ ಅದು. ರಾಸಾಯನಿಕ ಕ್ರಿಯೆಗಳು ನಡೆಯುವುದು ಮೇಲ್ಮೈಯಲ್ಲಿ. ಹಾಗಾಗಿ ಒಂದು ಚಿಟಿಕೆ ನ್ಯಾನೊ ಪುಡಿಯ ಮೇಲೆ ಔಷಧವನ್ನು ಅಂಟಿಸಲು, ರೋಗದ ಗುರುತು ಹಿಡಿಯುವ ಅಣುಗಳನ್ನು ಕಟ್ಟಲು ಎಕರೆಗಟ್ಟಲೆ ಜಾಗ ಸಿಗುತ್ತದೆ.

ಇನ್ನೊಂದು ವಿಶೇಷ ಬಣ್ಣ. ಚಿನ್ನ ಹಳದಿ ಎಂದು ಎಲ್ಲರಿಗೂ ಗೊತ್ತು. ಆದರೆ ಚಿನ್ನವನ್ನು ಹತ್ತಿಪ್ಪತ್ತು ನ್ಯಾನೊಮೀಟರಿನ ಕಣಗಳನ್ನಾಗಿ ಮಾಡಿ ನೀರಿನಲ್ಲಿ ತೇಲಿಬಿಟ್ಟರೆ ಅದು ದಾಳಿಂಬೆ ರಸದಂತೆ ಕೆಂಪಗೆ ಕಾಣುತ್ತದೆ. 1857ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಇದನ್ನು ಗಮನಿಸಿ, ಈ ಕೆಂಪಿಗೆ ಕಾರಣ ಚಿನ್ನದ ಅತಿ ಸೂಕ್ಷ್ಮ ಕಣಗಳೇ ಎಂದು ವಿವರಿಸಿದರು. ಪ್ರಯೋಗಾಲಯದಲ್ಲಿ ಇದನ್ನು ಮಾಡುವುದು ಅಂಥ ಕಷ್ಟವಲ್ಲ. ಚಿನ್ನದ ಲವಣವನ್ನು ನೀರಿನಲ್ಲಿ ಕುದಿಸಿ, ಅದಕ್ಕೆ ನಿಂಬೆಹುಳಿಯ ಲವಣವಾದ ಸೋಡಿಯಂ ಸಿಟ್ರೇಟನ್ನು ಹಾಕಿದರೆ ಕೆಲವೇ ನಿಮಿಷಗಳಲ್ಲಿ ಮಾಸಲು ಹಳದಿ ಹೋಗಿ ಕೆಂಪು ಬರುತ್ತದೆ. ಮೊದಲ ಸಲ ಅದನ್ನು ನನ್ನ ಕೈಯಾರೆ ಮಾಡಿದ ದಿನ ನಾನು ಊಟವನ್ನೂ ಮರೆತು ಆ ಗಾಜಿನ ಪಾತ್ರೆಯನ್ನೇ ನೋಡುತ್ತಾ ಕುಳಿತಿದ್ದೆ.

ಈ ಕಣಗಳನ್ನು ಮಾಡಲು ಎರಡು ದಾರಿ. ನಮ್ಮ ಕುಬಟೂರಿನ ಕೋಟಿಪುರದಲ್ಲಿರುವ ಕೈಟಭೇಶ್ವರ ದೇವಾಲಯದ ಕಂಬಗಳನ್ನು ನೀವೆಲ್ಲ ನೋಡಿದ್ದೀರಿ. ಶಿಲ್ಪಿ ದೊಡ್ಡ ಕಲ್ಲನ್ನು ತೆಗೆದುಕೊಂಡು ಬೇಡದ್ದನ್ನು ತೆಗೆದು ತೆಗೆದು ಆ ಹೊಳೆಯುವ ಕಂಬವನ್ನು ಮಾಡಿದ. ಅದು ಒಂದು ದಾರಿ, ದೊಡ್ಡದರಿಂದ ಚಿಕ್ಕದಕ್ಕೆ. ಅದೇ ಊರಾಚೆಯ ಹೊಲದ ಬದುವಿನಲ್ಲಿ ಗೆದ್ದಲು ಒಂದೊಂದೇ ಮಣ್ಣಿನ ಕಣವನ್ನು ತಂದಿಟ್ಟು ಹುತ್ತ ಕಟ್ಟುತ್ತದೆ. ಅದು ಎರಡನೆಯ ದಾರಿ, ಅಣುವಿನ ಮೇಲೆ ಅಣು ಇಟ್ಟು ಕಟ್ಟುವುದು. ನಾನು ಹೇಳಿದ ಕೆಂಪು ಚಿನ್ನ ಎರಡನೆಯ ದಾರಿಯದು. ಔಷಧಕ್ಕೆ ಬಳಸುವ ಕಣಗಳಲ್ಲಿ ಹೆಚ್ಚಿನವು ಹುತ್ತದ ದಾರಿಯಲ್ಲೇ ಹುಟ್ಟುತ್ತವೆ.

ಇಲ್ಲಿ ಒಂದು ಮಾತು. ನಮ್ಮ ಸಮುದಾಯದ ಸಭೆಗಳಲ್ಲಿ "ಇದೆಲ್ಲ ನಮ್ಮವರು ಸಾವಿರ ವರ್ಷದ ಹಿಂದೆಯೇ ಕಂಡುಹಿಡಿದಿದ್ದರು" ಎಂದು ಹೇಳುವ ರೂಢಿ ಇದೆ. ಅಬ್ಬಾಸಿ ಕಾಲದಲ್ಲಿ, ಒಂಬತ್ತನೆಯ ಶತಮಾನದ ಇರಾಕಿನ ಕುಂಬಾರರು ಮಾಡುತ್ತಿದ್ದ ಲೋಹದಂತೆ ಮಿನುಗುವ ಪಿಂಗಾಣಿಯ ಹೊಳಪಿನಲ್ಲಿ ಬೆಳ್ಳಿ ಮತ್ತು ತಾಮ್ರದ ನ್ಯಾನೊ ಕಣಗಳಿವೆ, ಇದು ನಿಜ. ಡಮಾಸ್ಕಸ್ ಖಡ್ಗವೊಂದರ ತುಣುಕಿನಲ್ಲಿ ಇಂಗಾಲದ ನ್ಯಾನೊ ಕೊಳವೆಗಳಿದ್ದದ್ದನ್ನು ಜರ್ಮನಿಯ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು, ಅದೂ ನಿಜ. ಅಂಥ ಖಡ್ಗಗಳಿಗೆ ಬೇಕಾದ ಉಕ್ಕು ಹೋಗುತ್ತಿದ್ದದ್ದು ಮೈಸೂರು ಸೀಮೆಯೂ ಸೇರಿದಂತೆ ದಕ್ಷಿಣ ಭಾರತದಿಂದ. ಇದರ ಬಗ್ಗೆ ಹೆಮ್ಮೆ ಪಡೋಣ. ಆದರೆ ಆ ಕುಂಬಾರನಿಗೂ ಕಮ್ಮಾರನಿಗೂ ತಾವು ಮಾಡುತ್ತಿರುವುದು ಏನೆಂದು ಗೊತ್ತಿರಲಿಲ್ಲ. ಕೈಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಕಾರಣ ಹುಡುಕುವ ಕೆಲಸವನ್ನು ಬೇರೆಯವರು ಮಾಡಿದರು.

ನನಗೆ ಅದಕ್ಕಿಂತ ಹೆಚ್ಚು ಹೆಮ್ಮೆ ಎನಿಸುವುದು ಇನ್ನೊಂದು ಸಂಗತಿ. ಸ್ಪೇನಿನ ಕೊರ್ಡೋಬಾದ ಶಸ್ತ್ರವೈದ್ಯ ಅಲ್ ಝಹ್ರಾವಿ, ಕ್ರಿಸ್ತಶಕ 1013ರ ಸುಮಾರಿಗೆ ತೀರಿಕೊಂಡವರು. ಕ್ಯಾನ್ಸರ್ ಗೆಡ್ಡೆ ಆರಂಭದಲ್ಲಿದ್ದರೆ, ಪೂರ್ತಿ ತೆಗೆಯಲು ಬರುವ ಜಾಗದಲ್ಲಿದ್ದರೆ ಬೇರುಸಹಿತ ಕತ್ತರಿಸಿ ತೆಗೆಯಬೇಕು, ದೊಡ್ಡದಾಗಿ ಹಳೆಯದಾಗಿದ್ದರೆ ಮುಟ್ಟಬಾರದು ಎಂದು ಅವರು ಬರೆದರು. ಅಷ್ಟೇ ಅಲ್ಲ, ಅಂಥ ದೊಡ್ಡ ಗೆಡ್ಡೆಯನ್ನು ತಾವು ಒಂದನ್ನೂ ಗುಣಪಡಿಸಿಲ್ಲ, ಗುಣಪಡಿಸಿದವರನ್ನು ಕಂಡೂ ಇಲ್ಲ ಎಂಬುದನ್ನೂ ಒಪ್ಪಿಕೊಂಡರು. ತನ್ನ ಕೈಯಲ್ಲಿ ಆಗದ್ದನ್ನು ಆಗದು ಎಂದು ಪುಸ್ತಕದಲ್ಲಿ ಬರೆದಿಟ್ಟ ವೈದ್ಯ! ಇವತ್ತು ಮೊಬೈಲಿನಲ್ಲಿ ಬರುವ ಜಾಹೀರಾತುಗಳನ್ನು ನೋಡುವಾಗ ಅವರು ನೆನಪಾಗುತ್ತಾರೆ.

ಈಗ ಕ್ಯಾನ್ಸರಿಗೆ ಬರೋಣ. ನಮ್ಮ ದೇಹದ ಜೀವಕೋಶಗಳು ಎಷ್ಟು ಬೇಕೋ ಅಷ್ಟು ಹುಟ್ಟಿ, ಕಾಲ ಬಂದಾಗ ಸಾಯುತ್ತವೆ. ಯಾವುದೋ ಒಂದು ಕೋಶದ ವಂಶವಾಹಿ ಕೆಟ್ಟು, ಈ ಲಗಾಮು ತಪ್ಪಿ, ಅದು ಎಲ್ಲೆ ಮೀರಿ ಬೆಳೆದು ಪಕ್ಕದ ಅಂಗಗಳಿಗೂ ನುಗ್ಗಿದರೆ ಅದೇ ಕ್ಯಾನ್ಸರ್. 2022ರಲ್ಲಿ ನಮ್ಮ ದೇಶದಲ್ಲಿ 14 ಲಕ್ಷ 60 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು ಎಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂದಾಜು. ಒಬ್ಬ ಭಾರತೀಯನಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಒಂಬತ್ತರಲ್ಲಿ ಒಂದು ಎಂದೂ ಅದೇ ಲೆಕ್ಕ ಹೇಳುತ್ತದೆ. ಈ ಸಭಾಂಗಣದ ಒಂದೊಂದು ಸಾಲನ್ನು ಎಣಿಸಿ ನೋಡಿ.

ಕೀಮೋಥೆರಪಿ ಎಂದರೆ ಜನ ಹೆದರುವುದು ಏಕೆ? ಬೇಗ ಬೇಗ ಬೆಳೆಯುವ ಕೋಶಗಳನ್ನು ಕೊಲ್ಲುವ ವಿಷವನ್ನು ರಕ್ತಕ್ಕೆ ಬಿಡುತ್ತಾರೆ. ಅದಕ್ಕೆ ಕ್ಯಾನ್ಸರ್ ಕೋಶ ಯಾವುದು, ಕೂದಲಿನ ಬೇರು ಯಾವುದು, ಕರುಳಿನ ಒಳಪದರ ಯಾವುದು ಎಂಬ ಭೇದ ಸರಿಯಾಗಿ ತಿಳಿಯುವುದಿಲ್ಲ. ಗದ್ದೆಯಲ್ಲಿ ಕಳೆ ಎಂದು ಔಷಧ ಹೊಡೆದರೆ ಪೈರೂ ಬಾಡಿದ ಹಾಗೆ. ಔಷಧವನ್ನು ಕಳೆಯ ಬುಡಕ್ಕೆ ಮಾತ್ರ ತಲುಪಿಸಲು ಬಂದರೆ? ಈ ಒಂದು ಪ್ರಶ್ನೆಯ ಸುತ್ತಲೇ ನ್ಯಾನೊ ವೈದ್ಯಕೀಯ ಬೆಳೆದಿದೆ.

ಗೆಡ್ಡೆ ಅವಸರದಲ್ಲಿ ಬೆಳೆಯುತ್ತದೆ. ಅದಕ್ಕೆ ರಕ್ತ ತರುವ ನಾಳಗಳೂ ಅವಸರದಲ್ಲಿ ಕಟ್ಟಿದ ಗೋಡೆಯಂತೆ ಸಂದುಬಿಟ್ಟಿರುತ್ತವೆ. ಆರೋಗ್ಯವಂತ ನಾಳದಿಂದ ಹೊರಬರಲಾಗದ ನ್ಯಾನೊ ಕಣ ಆ ಸಂದಿನಿಂದ ಹೊರಬಂದು ಗೆಡ್ಡೆಯಲ್ಲಿ ನಿಲ್ಲುತ್ತದೆ. ಜಪಾನಿನ ಮತ್ಸುಮುರಾ ಮತ್ತು ಮಾಯೆದಾ ಎಂಬ ಇಬ್ಬರು 1986ರಲ್ಲಿ ಇದನ್ನು ತೋರಿಸಿಕೊಟ್ಟರು. ಅದರ ಮೇಲೆ ಜಗತ್ತಿನಾದ್ಯಂತ ಸಾವಿರಾರು ಪ್ರಬಂಧಗಳು ಬಂದವು. ನನ್ನದೂ ಒಂದು.

ಇದರಿಂದ ನಿಜವಾಗಿ ರೋಗಿಗೆ ತಲುಪಿದ ಔಷಧಗಳೂ ಇವೆ. ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಕೀಮೋ ಔಷಧ ಹೃದಯಕ್ಕೆ ಪೆಟ್ಟು ಕೊಡುತ್ತದೆ. ಅದನ್ನು ಕೊಬ್ಬಿನ ಅತಿ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದರು. ಇವಕ್ಕೆ ಲೈಪೊಸೋಮ್ ಎನ್ನುತ್ತಾರೆ, ಗಾತ್ರ ಸುಮಾರು 100 ನ್ಯಾನೊಮೀಟರ್. ಈ ಔಷಧಕ್ಕೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಹೆಸರು ಡಾಕ್ಸಿಲ್. ಮುಂದೆ ನಮ್ಮ ದೇಶದ ಸನ್ ಫಾರ್ಮಾ ಕಂಪನಿ ಲಿಪೊಡಾಕ್ಸ್ ಎಂಬ ಹೆಸರಿನಲ್ಲಿ ಇಂಥದ್ದೇ ಔಷಧ ಮಾಡಿತು. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಸಿಗದೆ ಪರದಾಟವಾದಾಗ ಅವರು ಭಾರತದ ಲಿಪೊಡಾಕ್ಸನ್ನೇ ತರಿಸಿಕೊಳ್ಳಬೇಕಾಯಿತು.

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಔಷಧದ ಕಥೆ ಇನ್ನೂ ಸ್ವಾರಸ್ಯದ್ದು. ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕಿದ ಇದು ನೀರಿನಲ್ಲಿ ಕರಗುವುದೇ ಇಲ್ಲ. ಕರಗಿಸಲು ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಕ ಬೇಕು. ಎಷ್ಟೋ ರೋಗಿಗಳಿಗೆ ಔಷಧಕ್ಕಿಂತ ಆ ದ್ರಾವಕವೇ ಅಲರ್ಜಿ ತರುತ್ತಿತ್ತು, ಅದಕ್ಕಾಗಿ ಮೊದಲೇ ಸ್ಟಿರಾಯ್ಡ್ ಚುಚ್ಚಬೇಕಿತ್ತು, ಗಂಟೆಗಟ್ಟಲೆ ಡ್ರಿಪ್ ಹಾಕಬೇಕಿತ್ತು. ನಮ್ಮ ರಕ್ತದಲ್ಲೇ ಇರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಔಷಧವನ್ನು ಅಂಟಿಸಿ, ಸುಮಾರು 130 ನ್ಯಾನೊಮೀಟರಿನ ಕಣಗಳನ್ನು ಮಾಡಿದಾಗ ಹರಳೆಣ್ಣೆಯ ತಂಟೆಯೇ ತಪ್ಪಿತು, ಅರ್ಧ ಗಂಟೆಯಲ್ಲಿ ಡ್ರಿಪ್ ಮುಗಿಯತೊಡಗಿತು. ಅಬ್ರಾಕ್ಸೇನ್ ಎಂಬ ಈ ಔಷಧಕ್ಕೆ 2005ರಲ್ಲಿ ಅನುಮತಿ ಸಿಕ್ಕಿತು. ನಮ್ಮಲ್ಲೂ 2007ರಲ್ಲಿ ಡಾಬರ್ ಫಾರ್ಮಾ ಕಂಪನಿ ನ್ಯಾನೊಕ್ಸೆಲ್ ಎಂಬ ಹೆಸರಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲಿನ ಬೇರೊಂದು ನ್ಯಾನೊ ರೂಪವನ್ನು ಹೊರತಂದಿತು.

ಲೈಪೊಸೋಮ್ ನಮಗೆ ದೂರದ ಮಾತೇನಲ್ಲ. 2021ರಲ್ಲಿ ಕೊರೊನಾದ ಎರಡನೆಯ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ರೋಗ ಬಂದಾಗ ಆಂಫೊಟೆರಿಸಿನ್ ಇಂಜೆಕ್ಷನ್ನಿಗಾಗಿ ಜನ ಊರೂರು ಅಲೆದದ್ದು ನೆನಪಿದೆಯಲ್ಲ? ಹಳೆಯ ಆಂಫೊಟೆರಿಸಿನ್ ಮೂತ್ರಪಿಂಡವನ್ನು ಕೆಡಿಸುತ್ತದೆ. ಅಂದು ಎಲ್ಲರೂ ಹುಡುಕುತ್ತಿದ್ದದ್ದು ಅದನ್ನೇ ಕೊಬ್ಬಿನ ಗುಳ್ಳೆಯಲ್ಲಿ ತುಂಬಿದ ಲೈಪೊಸೋಮಲ್ ರೂಪವನ್ನು, ಅಂದರೆ ಒಂದು ನ್ಯಾನೊ ಔಷಧವನ್ನು.

ಪತ್ತೆಹಚ್ಚುವ ವಿಷಯಕ್ಕೆ ಬಂದರೆ, ನ್ಯಾನೊ ಚಿನ್ನ ಆಗಲೇ ಔಷಧದ ಅಂಗಡಿಗಳಲ್ಲಿದೆ. ಗರ್ಭಧಾರಣೆ ಪರೀಕ್ಷೆಯ ಕಡ್ಡಿಯಲ್ಲಿ, ಕೊರೊನಾ ಕಾಲದ ರ‍್ಯಾಪಿಡ್ ಟೆಸ್ಟಿನಲ್ಲಿ ಮೂಡುತ್ತಿದ್ದ ಕೆಂಪು ಗೆರೆ ಹೆಚ್ಚಿನವುಗಳಲ್ಲಿ ಚಿನ್ನದ ನ್ಯಾನೊ ಕಣಗಳದ್ದೇ. ಕ್ಯಾನ್ಸರಿನಲ್ಲಿ ಕಬ್ಬಿಣದ ಕಣಗಳು ಬಳಕೆಗೆ ಬಂದಿವೆ. ಕ್ಯಾನ್ಸರ್ ಹರಡಿದಾಗ ಗೆಡ್ಡೆಯಿಂದ ಬಿಡಿಸಿಕೊಂಡ ಕೆಲವು ಕೋಶಗಳು ರಕ್ತದಲ್ಲಿ ಸುತ್ತುತ್ತಿರುತ್ತವೆ. ಕೋಟ್ಯಂತರ ರಕ್ತಕಣಗಳ ನಡುವೆ ಒಂದೋ ಎರಡೋ. ಆ ಕೋಶಗಳಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಕಬ್ಬಿಣದ ನ್ಯಾನೊ ಕಣಗಳಿಗೆ ಲೇಪಿಸಿ, ರಕ್ತದ ಮಾದರಿಗೆ ಬೆರೆಸಿ, ಆಯಸ್ಕಾಂತ ಹಿಡಿದರೆ ಅವು ಪಕ್ಕಕ್ಕೆ ಬರುತ್ತವೆ. ಸೆಲ್‌ಸರ್ಚ್ ಎಂಬ ಈ ಪರೀಕ್ಷೆಗೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹರಡಿದ ಸ್ತನ ಕ್ಯಾನ್ಸರಿನಂಥ ರೋಗದಲ್ಲಿ ಮುಂದಿನ ಸ್ಥಿತಿಗತಿ ಅಂದಾಜು ಮಾಡಲು ಅದು ನೆರವಾಗುತ್ತದೆ. ಆರೋಗ್ಯವಂತರಲ್ಲಿ ಕ್ಯಾನ್ಸರ್ ಇದೆಯೇ ಇಲ್ಲವೇ ಎಂದು ಹೇಳುವ ಪರೀಕ್ಷೆ ಅದಲ್ಲ.

ನಮ್ಮ ರಾಜ್ಯದಲ್ಲೇ ಏನು ನಡೆಯುತ್ತಿದೆ ಎಂದು ಕೇಳುತ್ತೀರಿ. 2007ರಲ್ಲಿ ಕೇಂದ್ರ ಸರಕಾರ ಐದು ವರ್ಷಕ್ಕೆ 1,000 ಕೋಟಿ ರೂಪಾಯಿಯ ನ್ಯಾನೊ ಮಿಷನ್ ಆರಂಭಿಸಿದಾಗ ಅದರ ಹೊಣೆ ಹೊತ್ತವರು ನಮ್ಮವರೇ ಆದ ಪ್ರೊಫೆಸರ್ ಸಿ.ಎನ್.ಆರ್. ರಾವ್. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದವರೂ ಅವರೇ. ಅಲ್ಲಿಂದ ಹೆಚ್ಚು ದೂರವಿಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಿಂದ 2023ರ ಆರಂಭದಲ್ಲಿ ಒಂದು ಸುದ್ದಿ ಬಂತು. ಅಲ್ಲಿನ ಪ್ರೊಫೆಸರ್ ಅಶೋಕ್ ರಾಯಚೂರು, ಜಯಪ್ರಕಾಶ್ ಹಾಗೂ ಅವರ ತಂಡದವರು ತಾಮ್ರದ ಸಲ್ಫೈಡ್ ಮೇಲೆ ಚಿನ್ನದ ಪುಟ್ಟ ಬೀಜಗಳನ್ನು ಕೂರಿಸಿ 8 ನ್ಯಾನೊಮೀಟರಿಗಿಂತ ಚಿಕ್ಕ ಕಣಗಳನ್ನು ಮಾಡಿದ್ದರು.

ಈ ಕಣ ಮೂರು ಕೆಲಸ ಮಾಡುತ್ತದೆ. ಅದನ್ನು ತಿಳಿಯಲು ರಾತ್ರಿ ಮನೆಯಲ್ಲಿ ದೀಪ ಆರಿಸಿ ಟಾರ್ಚಿನ ಬಾಯಿಗೆ ಅಂಗೈ ಒತ್ತಿ ನೋಡಿ. ಕೈ ಕೆಂಪಗೆ ಹೊಳೆಯುತ್ತದೆ. ಕೆಂಪು ಬೆಳಕು ಮತ್ತು ಅದರ ಆಚೆಯ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ನಮ್ಮ ಮಾಂಸದೊಳಗೆ ಸ್ವಲ್ಪ ದೂರ ಹಾದುಹೋಗಬಲ್ಲದು. ಆ ಬೆಳಕು ಬಿದ್ದಾಗ ಈ ಕಣ ಅದನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿಗೆ ಪಕ್ಕದ ಕ್ಯಾನ್ಸರ್ ಕೋಶ ಸಾಯುತ್ತದೆ. ಜೊತೆಗೆ ಕೋಶಕ್ಕೆ ವಿಷವಾಗುವ ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ. ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಬೆಳಕಿನ ಹೊಡೆತಕ್ಕೆ ಕಣ ಬಿಸಿಯಾಗಿ ಹಿಗ್ಗಿದಾಗ ಸದ್ದು ಹೊರಡುತ್ತದೆ, ನಮ್ಮ ಕಿವಿಗೆ ಕೇಳದ ಸದ್ದು. ಸ್ಕ್ಯಾನಿಂಗ್ ಯಂತ್ರದಂಥ ಸಾಧನದಿಂದ ಆ ಸದ್ದನ್ನು ಹಿಡಿದರೆ ಗೆಡ್ಡೆ ಎಲ್ಲಿದೆ ಎಂಬ ಚಿತ್ರ ಸಿಗುತ್ತದೆ. ಬೆಳಕು ಮಾಂಸದಲ್ಲಿ ಚೆದುರಿಹೋಗುತ್ತದೆ, ಸದ್ದು ಅಷ್ಟು ಚೆದುರುವುದಿಲ್ಲ, ಆದ್ದರಿಂದ ಚಿತ್ರ ಸ್ಪಷ್ಟ. ಹುಡುಕುವುದೂ ಕೊಲ್ಲುವುದೂ ಒಂದೇ ಕಣ!

ಆದರೆ ಅವರು ಇದನ್ನು ಪರೀಕ್ಷಿಸಿದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಶ್ವಾಸಕೋಶ ಮತ್ತು ಗರ್ಭಕಂಠದ ಕ್ಯಾನ್ಸರ್ ಕೋಶಗಳ ಮೇಲೆ. ಇಷ್ಟು ಚಿಕ್ಕ ಕಣ ಕೆಲಸ ಮುಗಿಸಿ ದೇಹದಿಂದ ತಾನೇ ಹೊರಹೋದೀತು ಎಂಬುದು ನಿರೀಕ್ಷೆ. ಮನುಷ್ಯರಲ್ಲಿ ಸುರಕ್ಷಿತವೇ ಎಂದು ತಿಳಿಯಲು ಇನ್ನೂ ಬಹಳ ಅಧ್ಯಯನ ಬೇಕು ಎಂದು ಆ ವಿಜ್ಞಾನಿಗಳೇ ಹೇಳಿದ್ದಾರೆ. ಗಾಜಿನ ತಟ್ಟೆಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ನೂರು ಸಂಶೋಧನೆ ಹೊರಟರೆ ಕೈಬೆರಳೆಣಿಕೆಯವು ತಲುಪುತ್ತವೆ. ಅಮೆರಿಕದಲ್ಲಿ ಚಿನ್ನದ ಹೊದಿಕೆಯ ಕಣಗಳಿಂದ ಪ್ರಾಸ್ಟೇಟ್ ಗೆಡ್ಡೆಯನ್ನು ಬಿಸಿಮಾಡಿ ಸುಡುವ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಆ ಅಧ್ಯಯನಕ್ಕೆ ಸೇರಿಸಿಕೊಂಡವರು ಹದಿನಾರೇ ಮಂದಿ.

ಇನ್ನು ನನ್ನ ಪ್ರಬಂಧದ ತಳಹದಿಯನ್ನೇ ಅಲುಗಾಡಿಸಿದ ಸಂಗತಿಯನ್ನೂ ಹೇಳಿಬಿಡುತ್ತೇನೆ. ಕೆನಡಾದ ಟೊರಾಂಟೊದಲ್ಲಿ ವಾರನ್ ಚಾನ್ ಅವರ ತಂಡ ಹತ್ತು ವರ್ಷಗಳ ಪ್ರಬಂಧಗಳನ್ನೆಲ್ಲ ಕಲೆಹಾಕಿ 2016ರಲ್ಲಿ ಒಂದು ಲೆಕ್ಕ ಕೊಟ್ಟಿತು. ಪ್ರಾಣಿಗಳಿಗೆ ಚುಚ್ಚಿದ ನ್ಯಾನೊ ಕಣಗಳಲ್ಲಿ ಗೆಡ್ಡೆಯನ್ನು ತಲುಪಿದ್ದು, ಮಧ್ಯಮ ಲೆಕ್ಕದಲ್ಲಿ, ಶೇಕಡಾ 0.7. ನೂರಕ್ಕೆ ಒಂದೂ ಅಲ್ಲ! ಉಳಿದದ್ದರಲ್ಲಿ ಹೆಚ್ಚಿನದು ಪಿತ್ತಜನಕಾಂಗ, ಗುಲ್ಮಗಳಲ್ಲಿ ಸಿಕ್ಕಿಬೀಳುತ್ತದೆ. ಇಲಿಯ ಗೆಡ್ಡೆಯ ನಾಳಗಳಷ್ಟು ಮನುಷ್ಯನ ಗೆಡ್ಡೆಯ ನಾಳಗಳು ಸಂದುಬಿಟ್ಟಿರುವುದಿಲ್ಲ ಎಂಬ ಮಾತೂ ಇದೆ. ಡಾಕ್ಸಿಲ್ ಕೂಡ, ಸ್ತನ ಕ್ಯಾನ್ಸರಿನಲ್ಲಿ ಹಳೆಯ ಔಷಧದೊಂದಿಗೆ ಹೋಲಿಸಿದಾಗ, ಫಲ ಹೆಚ್ಚುಕಡಿಮೆ ಅಷ್ಟೇ, ಹೃದಯಕ್ಕೆ ಆಗುವ ಹಾನಿ ಮಾತ್ರ ಬಹಳ ಕಡಿಮೆ ಎಂದು ಕಂಡುಬಂತು. ಅದೂ ಸಣ್ಣ ಲಾಭವಲ್ಲ. ಆದರೆ ಪವಾಡವಲ್ಲ.

ಇಷ್ಟನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಸಂಬಂಧದಲ್ಲಿ ಒಬ್ಬ ಖಾಲಾ ಇದ್ದರು. ಎದೆಯಲ್ಲಿ ಬಟಾಣಿ ಕಾಳಿನಷ್ಟು ಗಂಟು. ಯಾರಿಗೆ ಹೇಳುವುದು? ಗಂಡನಿಗೆ ಹೇಳಲು ನಾಚಿಕೆ, ಮಗನಿಗೆ ಹೇಳುವಂತಿಲ್ಲ, ಸೊಸೆ ಹೊಸಬಳು. ನೋವಿರಲಿಲ್ಲ, ಹಾಗಾಗಿ ಏನೂ ಅಲ್ಲ ಎಂದುಕೊಂಡರು. ಒಂದು ವರ್ಷದ ಮೇಲೆ ಗಂಟು ಹುಣ್ಣಾಗಿ ಬಟ್ಟೆಗೆ ಅಂಟತೊಡಗಿದಾಗ ಮನೆಯವರಿಗೆ ಗೊತ್ತಾಯಿತು. ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ರೋಗ ಮೂಳೆಗೂ ಹೋಗಿದೆ ಎಂದರು. ಅಷ್ಟರಲ್ಲಿ ಮಗನ ಮೊಬೈಲಿಗೆ ಯಾರೋ ಒಂದು ಜಾಹೀರಾತು ಕಳಿಸಿದ್ದರು. ನ್ಯಾನೊ ಹನಿಗಳಂತೆ, ನಾಲಿಗೆಯ ಕೆಳಗೆ ಬಿಟ್ಟುಕೊಂಡರೆ ಸಾಕಂತೆ, ಆಪರೇಷನ್ ಬೇಡ, ಕೀಮೋ ಬೇಡ. ಪುಟ್ಟ ಶೀಶೆಗೆ ಒಂಬತ್ತು ಸಾವಿರ ರೂಪಾಯಿ. ತೋಟದ ಫಸಲನ್ನು ಚೇಣಿಗೆ ಕೊಟ್ಟು ಆರು ಶೀಶೆ ತರಿಸಿದರು, ಕೀಮೋ ತಾರೀಖು ತಪ್ಪಿಸಿದರು.

ನಾನು ನೋಡಲು ಹೋದಾಗ ಖಾಲಾ ಆ ಶೀಶೆಯನ್ನು ನನ್ನ ಕೈಗೆ ಕೊಟ್ಟು, "ಬೇಟಾ, ನೀನು ಇದನ್ನೇ ಅಲ್ಲವಾ ಓದಿದ್ದು? ಇದು ನಾಟುತ್ತಾ?" ಎಂದು ಕೇಳಿದರು. ಶೀಶೆಯ ಮೇಲೆ ಒಳಗೆ ಏನಿದೆ ಎಂಬುದನ್ನೇ ಬರೆದಿರಲಿಲ್ಲ. ಇದು ಔಷಧವಲ್ಲ ಖಾಲಾ, ಆಸ್ಪತ್ರೆಗೆ ಹೋಗೋಣ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೊದಲೇ ಯಾಕೆ ಬಂದು ಹೇಳಲಿಲ್ಲ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮತ್ತೆ ಆಸ್ಪತ್ರೆಗೆ ಸೇರಿಸಿದರು, ಏಳು ತಿಂಗಳು ಇದ್ದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಅವರ ಮಗ ಇವತ್ತು ಇದೇ ಸಭೆಯಲ್ಲಿದ್ದಾರೆ. ಈ ಮಾತು ಹೇಳಲೇ ಎಂದು ಅವರನ್ನು ಕೇಳಿದೆ, "ಹೇಳಿ ಭಾಯ್" ಎಂದರು.

ಆದ್ದರಿಂದ ತಾಯಂದಿರೇ, ಹಯಾ ಈಮಾನಿನ ಭಾಗ, ನಿಜ. ಆದರೆ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದವರೂ ಅದೇ ಪ್ರವಾದಿಯವರೇ (ಸ). ನೋವಿಲ್ಲದ ಗಂಟು ಎಂದು ಕಡೆಗಣಿಸಬೇಡಿ, ಕ್ಯಾನ್ಸರಿನ ಗಂಟು ಮೊದಲಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಮೂವತ್ತು ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಾಡಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಆಶಾ ಕಾರ್ಯಕರ್ತೆಯರನ್ನು ಕೇಳಿ. ಹೆಣ್ಣು ಡಾಕ್ಟರೇ ಬೇಕು ಎಂದು ಕೇಳುವವರು ಮನೆಯ ಹೆಣ್ಣುಮಗಳನ್ನು ಪಿಯುಸಿಗೆ ಬಿಡಿಸುವಾಗ ಆ ಹೆಣ್ಣು ಡಾಕ್ಟರ್ ಎಲ್ಲಿಂದ ಬರಬೇಕು ಎಂದೂ ಒಂದು ಸಲ ಯೋಚಿಸಿ.

ಗಂಡಸರಿಗೆ ಬೇರೆ ಮಾತಿದೆ, ಕೋಪ ಮಾಡಿಕೊಳ್ಳಬಾರದು. ಸೊರಬ, ಶಿಕಾರಿಪುರದ ಕಡೆ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ನಮ್ಮಲ್ಲಿ ಎಷ್ಟೋ ಮನೆಗಳು ಅಡಿಕೆ ಸುಲಿಯುವ, ಮಂಡಿಗೆ ಸಾಗಿಸುವ ಕೂಲಿಯಲ್ಲೇ ನಡೆಯುತ್ತಿವೆ, ನನ್ನ ಕಾಲೇಜಿನ ಫೀಸೂ ಅದರಿಂದಲೇ ಬಂದದ್ದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಹೇಳಿದ್ದನ್ನು ಮುಚ್ಚಿಡಲಾರೆ. ತಂಬಾಕು ಬೆರೆಸದ ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅದು ತೀರ್ಮಾನಿಸಿದೆ. ತಂಬಾಕು ಸೇರಿದರೆ ಇನ್ನೂ ಕೆಟ್ಟದ್ದು. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿದರು, ಆಮೇಲೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಸಿಗತೊಡಗಿತು. ಹುಡುಗರೇ, ಒಂದು ಪರೀಕ್ಷೆ ಹೇಳುತ್ತೇನೆ, ಇದಕ್ಕೆ ನ್ಯಾನೊ ಬೇಡ, ಖರ್ಚಿಲ್ಲ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ ಬಾಯೊಳಗೆ ಇಟ್ಟುನೋಡಿ. ಹಿಡಿಸದಿದ್ದರೆ, ಖಾರ ತಿಂದರೆ ಬಾಯಿ ಉರಿದರೆ, ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಕಲೆ ಕಂಡರೆ, ಬಾಯಿಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ "ಉಷ್ಣ ಆಗಿದೆ" ಎಂದು ತುಪ್ಪ ಸವರಿಕೊಂಡು ಕೂರಬೇಡಿ.

ರೋಗ ಗೊತ್ತಾದ ಮೇಲೆ ಎಲ್ಲಿಗೆ ಹೋಗುವುದು? ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. ಸ್ವಾತಂತ್ರ್ಯ ಹೋರಾಟಗಾರರೂ ನೆಹರೂ ಸಂಪುಟದ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಆರಂಭವಾದದ್ದು. ಆ ಹೆಸರು ಯಾರದೆಂದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತೋ! ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೂ ನೆರವಿದೆ. ಕಾಗದಪತ್ರಗಳನ್ನು ಮೊದಲೇ ಸರಿಮಾಡಿಟ್ಟುಕೊಳ್ಳುವುದು ಒಳ್ಳೆಯದು, ಆಸ್ಪತ್ರೆಯ ಬಾಗಿಲಲ್ಲಿ ನಿಂತು ರೇಷನ್ ಕಾರ್ಡಿಗೆ ಊರಿಗೆ ಫೋನ್ ಮಾಡುವವರನ್ನು ಬಹಳ ನೋಡಿದ್ದೇನೆ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ. ಈ ಕ್ಷೇತ್ರದಲ್ಲಿ ಮುಗಿದ ಕೆಲಸಕ್ಕಿಂತ ಬಾಕಿ ಇರುವ ಕೆಲಸವೇ ಹೆಚ್ಚು. ಆ ಶೇಕಡಾ 0.7 ಎಂಬುದನ್ನು 7 ಮಾಡುವುದು ಹೇಗೆ ಎಂಬುದೊಂದೇ ಪ್ರಶ್ನೆಗೆ ನೂರಾರು ಪ್ರಯೋಗಾಲಯಗಳು ದುಡಿಯುತ್ತಿವೆ. ಅದಕ್ಕೆ ಡಾಕ್ಟರೇ ಆಗಬೇಕೆಂದಿಲ್ಲ, ನೀಟ್‌ನಲ್ಲಿ ಸೀಟು ಸಿಗಲಿಲ್ಲ ಎಂದು ಮನೆಯಲ್ಲಿ ಕೂರಬೇಕಾಗಿಲ್ಲ. ಬಿಎಸ್ಸಿ ಮಾಡಿ, ನಮ್ಮದೇ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಿ. ಜಕ್ಕೂರಿನ ಕೇಂದ್ರವೂ ದೇಶದ ವಿಜ್ಞಾನ ಅಕಾಡೆಮಿಗಳೂ ಕಾಲೇಜು ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ, ಅರ್ಜಿ ಹಾಕಿ. ನಮ್ಮ ಕಡೆಯಿಂದ ಹೋಗುವ ಅರ್ಜಿಗಳೇ ಕಡಿಮೆ. ಅರ್ಜಿ ತುಂಬಲು ಬಾರದಿದ್ದರೆ ಸಂಸ್ಥೆಯ ಕಚೇರಿಯಲ್ಲಿ ನನ್ನ ಫೋನ್ ನಂಬರ್ ಕೊಟ್ಟಿದ್ದೇನೆ, ಮಗ್ರಿಬ್ ನಮಾಝಿನ ನಂತರ ಯಾವಾಗ ಬೇಕಾದರೂ ಮಾಡಿ.

ಭಾಷಣಕ್ಕೆ ಮುಂಚೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಚೀಟಿಯಲ್ಲಿ ಒಂದು ಪ್ರಶ್ನೆ ಬರೆದು ಕಳಿಸಿದ್ದಳು. "ಸರ್, ಚಿನ್ನದ ಕಣ ದೇಹದೊಳಗೆ ಹೋದ ಮೇಲೆ ವಾಪಸ್ ಹೇಗೆ ಬರುತ್ತದೆ?" ಮಗಳೇ, ಸುಮಾರು 6 ನ್ಯಾನೊಮೀಟರಿಗಿಂತ ಚಿಕ್ಕದಾದರೆ ಮೂತ್ರಪಿಂಡ ಅದನ್ನು ಸೋಸಿ ಹೊರಗೆ ಕಳಿಸುತ್ತದೆ. ಅದಕ್ಕಿಂತ ದೊಡ್ಡದು ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ಹಾಗೆ ಉಳಿದರೆ ಹತ್ತಿಪ್ಪತ್ತು ವರ್ಷದ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ನಿನ್ನ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ, ನನ್ನ ಎಂಎಸ್ಸಿ ವಿದ್ಯಾರ್ಥಿಗಳಿಗೆ ತೋರಿಸಬೇಕು.